ಹಳೆಯ ಮಾಸರ್ ರೈಫಲ್‌ಗೆ ಕೂರಿಸಿದ ಸ್ಕೋಪ್ ಮೌಂಟ್ ಸುರಕ್ಷಿತವೇ?

ಪ್ರಶ್ನೆ (ಬಳ್ಳಾರಿ): ತಂದೆಯವರ ಪರವಾನಗಿಯೊಂದಿಗೆ ಮಾಸರ್ 98 ಮಾದರಿಯ ಹಳೆಯ ಸೈನಿಕ ರೈಫಲ್ ನನಗೆ ಬಂದಿದೆ. ಹಿಂದೆ ಯಾರೋ ರಿಸೀವರಿಗೆ (ಬೋಲ್ಟ್ ಕೂರುವ ಉಕ್ಕಿನ ಮೈಗೆ) ರಂಧ್ರ ಕೊರೆದು ಸ್ಕೋಪ್ ಮೌಂಟ್ (ಗುರಿ ನೋಡುವ ದುರ್ಬೀನಿನ ಹಿಡಿಕಟ್ಟು) ಕೂರಿಸಿದ್ದು, ಮುಂದಿನ ಸ್ಕ್ರೂ ಪಕ್ಕದಲ್ಲಿ ಕೂದಲೆಳೆಯಂಥ ಗೆರೆ ಕಾಣುತ್ತಿದೆ. ಏನನ್ನು ಪರೀಕ್ಷಿಸಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ (ರಾಯಚೂರು): ಮಾನ್ಯರೇ, ಆ ಗೆರೆ ಏನೆಂದು ಖಚಿತವಾಗುವವರೆಗೆ ಒಂದು ಗುಂಡನ್ನೂ ಹಾರಿಸಬೇಡಿ. ಮಾಸರ್ ಬೋಲ್ಟಿನ, ಅಂದರೆ ಚೇಂಬರನ್ನು (ಗುಂಡು ಕೂರುವ ಕೋಣೆಯನ್ನು) ಹಿಂದಿನಿಂದ ಮುಚ್ಚುವ ಭಾಗದ, ಎರಡು ಮುಖ್ಯ ಲಗ್‌ಗಳು (ಚಾಚಿದ ಹಲ್ಲುಗಳು) ರಿಸೀವರಿನ ಮುಂಭಾಗದ ಉಂಗುರದೊಳಗೇ ಕಚ್ಚಿಕೊಂಡು ಗುಂಡಿನ ಒತ್ತಡವನ್ನು ಹೊರುವುದರಿಂದ, ಅಲ್ಲಿ ತಪ್ಪಾಗಿ ಕೊರೆದ ರಂಧ್ರ ಜೀವಕ್ಕೇ ಅಪಾಯ. ಚೇಂಬರೂ ಮ್ಯಾಗಜೀನೂ ಖಾಲಿಯಿವೆಯೆಂದು ಕಣ್ಣಾರೆ ನೋಡಿದ ಮೇಲೆ ಬೋಲ್ಟನ್ನು ನಿಧಾನವಾಗಿ ಆಡಿಸಿ. ಎಲ್ಲಾದರೂ ತಡೆದರೆ ಅಥವಾ ಲಗ್ ಮೇಲೆ ಹೊಸ ಗೀರು ಕಂಡರೆ, ಉದ್ದವಾದ ಸ್ಕ್ರೂ ಒಳಗೆ ಚಾಚಿರುವ ಸಾಧ್ಯತೆ ಹೆಚ್ಚು. ಮೂಲ ಸೇಫ್ಟಿಯ (ಆಕಸ್ಮಿಕವಾಗಿ ಗುಂಡು ಹಾರದಂತೆ ತಡೆಯುವ ಸನ್ನೆಯ) ರೆಕ್ಕೆ ಸ್ಕೋಪಿಗೆ ತಾಗದೆ ಪೂರ್ತಿ ತಿರುಗುತ್ತದೆಯೇ ಎಂಬುದನ್ನೂ ನೋಡಿ.

ಉತ್ತರ (ತೋರಣಗಲ್ಲು): ವೆಲ್ಡಿಂಗ್ ತಪಾಸಣೆಯಲ್ಲಿ ನಾವು ಬಳಸುವ, ಬಿರುಕು ತೋರಿಸುವ ಬಣ್ಣದ ದ್ರವ ಡೈ ಪೆನೆಟ್ರಂಟ್ ಇಲ್ಲಿಯೂ ಉಪಯುಕ್ತ. ಎಣ್ಣೆ ತೆಗೆದು ಕೆಂಪು ದ್ರವ ಹಚ್ಚಿ, ಸ್ವಲ್ಪ ಹೊತ್ತಿನ ನಂತರ ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದರೆ ಬಿರುಕಿರುವಲ್ಲಿ ಕೆಂಪು ಗೆರೆ ಮೂಡುತ್ತದೆ. ಬಿರುಕಿದ್ದರೆ ವೆಲ್ಡ್ ಮಾಡಿಸುವ ಯೋಚನೆಯೇ ಬೇಡ. ಕಾವಿಗೆ ಉಕ್ಕಿನ ಗಡಸುತನ ಕೆಡುತ್ತದೆ. ಶಸ್ತ್ರಾಸ್ತ್ರ ಕಾಯ್ದೆ 1959ರಂತೆ ದುರಸ್ತಿಗೂ ಪರವಾನಗಿ ಬೇಕಾದ್ದರಿಂದ, ಮೌಂಟ್ ಬಿಚ್ಚುವುದನ್ನು ಪರವಾನಗಿಯುಳ್ಳ ಬಂದೂಕು ದುರಸ್ತಿಗಾರರಿಗೇ ಬಿಡಿ.