ಕಳ್ಳನ ಲೆಕ್ಕ ತಪ್ಪುವುದು ಎಲ್ಲಿ? ಕಥೆಗಾಗಿ ಕೇಳಿದ ಅನುಭವಗಳು

ಕೇಳಿದವರು: ಮಳೆಗಾಲದ ರಾತ್ರಿ ಮಲೆನಾಡಿನ ಹೆಂಚಿನ ಮನೆಯೊಂದಕ್ಕೆ ಅಡಿಕೆ ಕದಿಯಲು ಇಳಿದ ಕಳ್ಳನ ಕುರಿತು ಕಥೆ ಬರೆಯುತ್ತಿದ್ದೇನೆ. ಮನೆ ಖಾಲಿಯಿದೆ ಎಂದು ಅವನು ನಂಬಿದ್ದಾನೆ, ಒಳಗೆ ವೃದ್ಧೆಯೊಬ್ಬರಿದ್ದಾರೆ. ಓದಿದವರು ಸಿನಿಮಾದಂತಿದೆ ಎನ್ನುತ್ತಿದ್ದಾರೆ. ಇಂತಹದ್ದನ್ನು ಕಂಡವರು ದಯವಿಟ್ಟು ತಿಳಿಸಿ.

ತೀರ್ಥಹಳ್ಳಿ ಕಡೆಯವರು: ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಬಹುತೇಕ ಇದೇ ನಡೆದಿತ್ತು. ನಾವೆಲ್ಲ ನೆಂಟರ ಮನೆಯ ವೈಕುಂಠ ಸಮಾರಾಧನೆಗೆ ಹೋಗಿದ್ದೆವು. ಮಂಡಿನೋವಿನ ಅಜ್ಜಿ ಮಾತ್ರ ಉಳಿದಿದ್ದರು. ಬಂದವನು ಹಿಂದಿನ ಸುಗ್ಗಿಯಲ್ಲಿ ನಮ್ಮಲ್ಲಿಗೆ ಅಡಿಕೆ ಕೊನೆ (ಗೊನೆ) ಕೊಯ್ಯಲು ಬಂದಿದ್ದವನೇ ಎಂಬುದು ಆಮೇಲೆ ತಿಳಿಯಿತು. ಧಾರಣೆ ಏರಲೆಂದು ಕಾದಿಟ್ಟ ಅಡಿಕೆಯ ಚೀಲಗಳು ಅಟ್ಟದ ಮೇಲಿರುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಹೆಂಚು ಸರಿಸಿ ಅಟ್ಟಕ್ಕಿಳಿಯುವುದು, ಚೀಲಗಳನ್ನು ಏಣಿಯಿಂದ ಇಳಿಸಿ ಹಿತ್ತಿಲ ಬಾಗಿಲಿನಿಂದ ಸಾಗಿಸುವುದು ಅವನ ಲೆಕ್ಕ. ಆದರೆ ಅವನು ಮನೆಯನ್ನು ಕಂಡದ್ದು ಏಣಿ ದಿನವಿಡೀ ಅಟ್ಟಕ್ಕೆ ಆನಿಸಿಕೊಂಡೇ ಇರುವ ಸುಗ್ಗಿಯ ಕಾಲದಲ್ಲಿ. ಮಳೆಗಾಲದಲ್ಲಿ ನಾವು ಅದನ್ನು ಕೊಟ್ಟಿಗೆಯಲ್ಲಿ ಮಲಗಿಸಿಡುತ್ತೇವೆ. ಹೆಂಚಿನಡಿಯ ಗೆದ್ದಲು ತಿಂದ ರೀಪು (ಮರದ ಪಟ್ಟಿ) ಮುರಿದು ಬಿದ್ದವನಿಗೆ ಕಾಲು ಉಳುಕಿ, ಮೇಲಕ್ಕೂ ಹತ್ತಲಾರದೆ ಕೆಳಕ್ಕೂ ಇಳಿಯಲಾರದೆ ಕತ್ತಲಲ್ಲಿ ಕುಳಿತ.

ಅಜ್ಜಿಗೆ ಎಚ್ಚರವಾದದ್ದು ಅವನು ಬಿದ್ದ ಸದ್ದಿಗಲ್ಲ. ಆ ಮಳೆಯಲ್ಲಿ ಅದು ಕೇಳಿಸುವಂತೆಯೇ ಇರಲಿಲ್ಲ. ಹೆಂಚು ತೆಗೆದ ಜಾಗದಿಂದ ಅಟ್ಟದ ಹಲಗೆಯ ಮೇಲೆ ಸುರಿಯುತ್ತಿದ್ದ ನೀರಿನ ಸದ್ದು ಬೇರೆಯಾಗಿತ್ತಂತೆ. ಕೂಗಿದರೆ ತೋಟದಾಚೆಯ ಮನೆಗೆ ಕೇಳಿಸದೆಂದು ಅವರು ಕೂಗಲಿಲ್ಲ. ಬೆಳಗಾಯಿತೆಂಬಂತೆ ಎದ್ದು, ಬಚ್ಚಲ ಹಂಡೆಯ ಒಲೆಗೆ ಹಸಿ ಸೌದೆ ತುರುಕಿ ಬೆಂಕಿ ಹಾಕಿದರು. ಹೊಗೆ ಅಟ್ಟಕ್ಕೇರಿತು, ಅವನು ಕೆಮ್ಮಿದ. “ಯಾರಪ್ಪಾ ಅದು?” ಎಂದರು. ಬಹಳ ಹೊತ್ತಿನ ಮೇಲೆ “ಅಮ್ಮಾ, ಏಣಿ ಇಡಿ” ಎಂಬ ಉತ್ತರ ಬಂತು. “ಬೆಳಗಾಗಲಿ” ಎಂದು ಅಜ್ಜಿ ಒಲೆಯ ಮುಂದೆಯೇ ಕುಳಿತರು. ನಿಮ್ಮ ಕಥೆಗೆ ಆ ಮೂರು ಗಂಟೆಗಳೇ ಸಾಕು ಎಂದು ನನಗನಿಸುತ್ತದೆ.

ನಿವೃತ್ತ ಪೊಲೀಸ್ ಠಾಣಾ ಬರಹಗಾರರು: ಕಥೆ ನಡೆಯುವ ವರ್ಷವನ್ನು ಮೊದಲು ನಿಶ್ಚಯಿಸಿಕೊಳ್ಳಿ. ರಾತ್ರಿ ಕನ್ನ ಮತ್ತು ಮನೆಯೊಳಗಿನ ಕಳ್ಳತನಕ್ಕೆ, 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಯಾದರೆ ಭಾರತೀಯ ದಂಡ ಸಂಹಿತೆಯ 457 ಮತ್ತು 380ನೇ ಕಲಂಗಳು, ಆನಂತರದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 331 ಮತ್ತು 305. ಬಾಗಿಲು ಒಡೆದರೆ ಮಾತ್ರ ಕನ್ನ ಎಂದು ಬರೆಯುವವರು ತಪ್ಪುತ್ತಾರೆ. ಮನುಷ್ಯರು ಒಳಬರಲೆಂದು ಇಲ್ಲದ ದಾರಿಯಿಂದ, ಅಂದರೆ ಹೆಂಚು ತೆಗೆದು ಇಳಿದರೂ ಅದು ಕನ್ನವೇ. ಕದ್ದದ್ದನ್ನು ಒಯ್ಯಲು ವೃದ್ಧೆಯ ಮೇಲೆ ಕೈಮಾಡಿದ ಕ್ಷಣದಲ್ಲಿ ಕಳ್ಳತನವು ಸುಲಿಗೆಯಾಗುತ್ತದೆ. ಸಂಜೆಯ ನಂತರ ಕನ್ನ ಹಾಕಿದವನ ವಿರುದ್ಧ ಮನೆಯವರಿಗಿರುವ ಆತ್ಮರಕ್ಷಣೆಯ ಹಕ್ಕು ಅವನ ಆ ಅತಿಕ್ರಮಣ ಮುಂದುವರಿದಿರುವಷ್ಟು ಹೊತ್ತು ಮಾತ್ರ; ಓಡಿಹೋದವನನ್ನು ತೋಟದವರೆಗೆ ಅಟ್ಟಿ ಕತ್ತಿ ಬೀಸಿದರೆ ಮನೆಯವರೇ ಆರೋಪಿಗಳಾಗಬಹುದು. ಸಸ್ಪೆನ್ಸ್ ಬೇಕಿದ್ದರೆ ಹೊಸ್ತಿಲಿನ ಬಳಿ ಹುಡುಕಿ.

ಮತ್ತೊಬ್ಬರು: ಮೇಲಿನ ಅಜ್ಜಿಯ ಧೈರ್ಯವನ್ನು ಗೌರವಿಸುತ್ತೇನೆ, ಆದರೆ ಎಲ್ಲರೂ ಹಾಗಿರುವುದಿಲ್ಲ. ನಮ್ಮ ಮನೆಗೆ ಕಳ್ಳರು ನುಗ್ಗಿದ ರಾತ್ರಿ ನನ್ನ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಆಮೇಲೆ ಎಷ್ಟೋ ತಿಂಗಳು ಹಿತ್ತಿಲ ಚಿಲಕವನ್ನು ರಾತ್ರಿಗೆ ನಾಲ್ಕು ಬಾರಿ ಮುಟ್ಟಿ ನೋಡುತ್ತಿದ್ದೆ.

ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ನನ್ನ ವೃದ್ಧೆಯ ಕೈಯಲ್ಲಿದ್ದ ಕೋವಿಯನ್ನು ತೆಗೆದುಹಾಕುತ್ತಿದ್ದೇನೆ. ಕಥೆಯ ಮೊದಲ ಪುಟದಲ್ಲಿ, ಆಳೊಬ್ಬ ಏಣಿಯನ್ನು ಕೊಟ್ಟಿಗೆಗೆ ಹೊತ್ತೊಯ್ಯುತ್ತಾನೆ.