ಕಾರ್ಕ್‌ನಿಂದ ಒಂದು ದಿನ: ಬ್ಲಾರ್ನಿ, ಕ್ಯಾಶೆಲ್, ಕೋವ್ ಮೂರೂ ಆಗುತ್ತಾ?

ಅಲೆಮಾರಿ: ಅಪ್ಪ, ಅಮ್ಮ ಐರ್ಲೆಂಡಿಗೆ ಬರುತ್ತಿದ್ದಾರೆ. ಕಾರ್ಕ್‌ನಲ್ಲಿ ಉಳಿಯುತ್ತೇವೆ, ಸುತ್ತಲು ಇರುವುದು ಒಂದೇ ದಿನ. ಕಾರಿದೆ. ಬ್ಲಾರ್ನಿ ಕೋಟೆ, ರಾಕ್ ಆಫ್ ಕ್ಯಾಶೆಲ್, ಕೋವ್ ಬಂದರು ಮೂರನ್ನೂ ನೋಡಬಹುದಾ?

ಹಳೆಗೋಡೆ: ಮೂರೂ ಅಂದರೆ ಬರೀ ಓಡಾಟವಾಗುತ್ತದೆ. ಕ್ಯಾಶೆಲ್‌ಗೆ ಹೋಗಿ. ದಕ್ಷಿಣ ಐರ್ಲೆಂಡಿನ ಮನ್‌ಸ್ಟರ್ ಪ್ರಾಂತ್ಯದ ರಾಜರ ಗದ್ದುಗೆಯಿದ್ದ ಬಂಡೆ ಅದು. 1101ರಲ್ಲಿ ಚರ್ಚಿಗೆ ಬಿಟ್ಟುಕೊಟ್ಟರು. ಅಲ್ಲಿನ ಕಾರ್ಮಾಕ್ ಚಾಪೆಲ್ (ಚಿಕ್ಕ ಚರ್ಚು) 1134ರ ಹೊತ್ತಿಗೆ ಮುಗಿದದ್ದು. ಸುತ್ತಲಿನ ಕಟ್ಟಡವೆಲ್ಲ ಬೂದು ಸುಣ್ಣಕಲ್ಲು, ಇದೊಂದು ಮರಳುಗಲ್ಲು. ಕಮಾನಿನ ಮೇಲೆ ಸಾಲಾಗಿ ಮನುಷ್ಯರ ತಲೆ ಕೆತ್ತಿದ್ದಾರೆ. ಒಳಗೆ ಗೋಡೆಚಿತ್ರದ ಬಣ್ಣ ಅಲ್ಲಲ್ಲಿ ಇನ್ನೂ ಉಳಿದಿದೆ. ದಾರಿಯಲ್ಲೇ ಶೂರ್ ನದಿಯ ನಡುವೆ ಕೇರ್ ಕೋಟೆಯೂ ಸಿಗುತ್ತದೆ.

ನೀಲಿಮಾ: ಬ್ಲಾರ್ನಿ ಕಾರ್ಕ್‌ನಿಂದ 8 ಕಿ.ಮೀ. ಅಷ್ಟೇ, ಯಾಕೆ ಬಿಡಬೇಕು? ಅಲ್ಲಿನ ಕಲ್ಲಿಗೆ ಮುತ್ತು ಕೊಟ್ಟರೆ ಮಾತಿನ ಚಾತುರ್ಯ ಬರುತ್ತದೆ ಅಂತ ನಂಬಿಕೆ.

ಹಳೆಗೋಡೆ: ವಯಸ್ಸಾದವರಿಗೆ ಅದು ಬೇಡ ರೀ. ಕಿರಿದಾದ ಸುರುಳಿ ಮೆಟ್ಟಿಲು ನೂರಕ್ಕೂ ಜಾಸ್ತಿ. ಮೇಲೆ ಹೋಗಿ ಅಂಗಾತ ಮಲಗಿ, ಕಬ್ಬಿಣದ ಸರಳು ಹಿಡಿದು, ತಲೆ ಹಿಂದಕ್ಕೆ ಬಾಗಿಸಬೇಕು.

ನೀಲಿಮಾ: ಮೇಲೆ ಹತ್ತಲೇಬೇಕು ಅಂತೇನಿಲ್ಲವಲ್ಲ. ಕೆಳಗೆ ತೋಟವಿದೆ. ವಿಷದ ಗಿಡಗಳಿಗೇ ಅಂತ ಒಂದು ಪಾತಿ ಮಾಡಿದ್ದಾರೆ. ನಿಧಾನಕ್ಕೆ ನಡೆದುಕೊಂಡು ನೋಡಬಹುದು.

ಕಡಲತೀರ: ರಾಜರು, ಕೋಟೆ ಎಲ್ಲ ಸರಿ. ಸಾಮಾನ್ಯ ಜನರ ಚರಿತ್ರೆ ಬೇಡವಾ? ಅದು ಕೋವ್‌ನಲ್ಲಿದೆ. 1848ರಿಂದ 1950ರವರೆಗೆ ಸುಮಾರು 25 ಲಕ್ಷ ಜನ ಈ ಒಂದು ಬಂದರಿನಿಂದ ದೇಶ ಬಿಟ್ಟರು. ಆಲೂಗಡ್ಡೆ ಬೆಳೆ ಕೊಳೆತು ಬಿದ್ದ ಕ್ಷಾಮದಿಂದ ಶುರುವಾದ ವಲಸೆ ಅದು. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸಿಗರ ಕೇಂದ್ರದಲ್ಲಿ ಎಲ್ಲರಿಗಿಂತ ಮೊದಲು ಹೆಸರು ಬರೆಸಿದ ಆನಿ ಮೂರ್ ಹಡಗು ಹತ್ತಿದ್ದು ಇಲ್ಲೇ. ದಡದಲ್ಲಿ ಅವಳ ಪ್ರತಿಮೆಯಿದೆ, ಜೊತೆಗೆ ಇಬ್ಬರು ತಮ್ಮಂದಿರು. ಒಬ್ಬ ದೂರಕ್ಕೆ ಕೈ ತೋರಿಸುತ್ತಾನೆ, ಅವಳು ಊರಿನ ಕಡೆ ತಿರುಗಿ ನೋಡುತ್ತಾಳೆ. 1912ರ ಏಪ್ರಿಲ್ 11ರಂದು ಟೈಟಾನಿಕ್ ಕೊನೆಯದಾಗಿ ನಿಂತದ್ದೂ ಈ ಬಂದರಿನ ಹೊರಗೆ. ಇಲ್ಲಿಂದ 123 ಜನ ಚಿಕ್ಕ ದೋಣಿಗಳಲ್ಲಿ ಹೋಗಿ ಅದನ್ನು ಹತ್ತಿದರು. ಅವರು ದೋಣಿ ಹತ್ತಿದ ಜೆಟ್ಟಿಯ ಮರದ ಕಂಬಗಳು ನೀರಲ್ಲಿ ಈಗಲೂ ಕಾಣುತ್ತವೆ.

ಹಳೆಗೋಡೆ: ಕೋವ್ ಬೇಡ ಅಂತ ನಾನು ಹೇಳಲಿಲ್ಲ. ಆದರೆ 900 ವರ್ಷದ ಕೆತ್ತನೆ ಇನ್ನೆಲ್ಲಿ ಸಿಗುತ್ತೆ?

ಕಡಲತೀರ: ಮಗ ಪರದೇಶದಲ್ಲಿರುವ ಅಪ್ಪ, ಅಮ್ಮನಿಗೆ ಕೆತ್ತನೆಗಿಂತ ಆ ಪ್ರತಿಮೆಯೇ ಹೆಚ್ಚು ತಟ್ಟುತ್ತೆ ಅಂತ ನನ್ನ ನಂಬಿಕೆ.

ಅಲೆಮಾರಿ: ಹಾಗಾದರೆ ಬೆಳಿಗ್ಗೆ ಕ್ಯಾಶೆಲ್, ಮಧ್ಯಾಹ್ನದ ಮೇಲೆ ಕೋವ್. ಕೇರ್ ಕೋಟೆಯನ್ನು ಹೊರಗಿಂದಲೇ ನೋಡಿಕೊಳ್ಳುತ್ತೇವೆ.

ಹಳೆಗೋಡೆ: ಚಾಪೆಲ್ ಒಳಗೆ ಗೈಡ್ ಜೊತೆ ಮಾತ್ರ ಬಿಡುತ್ತಾರೆ. ಹೋದ ಕೂಡಲೇ ಅದರ ಟಿಕೆಟ್ ಕೇಳಿ. ಕಾರು ನಿಲ್ಲಿಸುವ ಜಾಗದಿಂದ ಚಿಕ್ಕ ಏರು ಇದೆ, ಅಮ್ಮನಿಗೆ ಮೊದಲೇ ಹೇಳಿರಿ.