ಅಪ್‌ಡೇಟ್: ಯಾಟ್ ಬಂತು, ಕಾಕ್‌ಪಿಟ್‌ಗೆ ನೆರಳೂ ಆಯ್ತು

ದೊಡ್ಡ ಮೋಟಾರ್ ಯಾಟ್ (ವಿಹಾರದ ಬೋಟ್) ಯಾವುದು ಆರಿಸಲಿ, ಕಾಕ್‌ಪಿಟ್‌ಗೆ, ಅಂದರೆ ಹಿಂಭಾಗದ ತೆರೆದ ಕೂರುವ ಜಾಗಕ್ಕೆ, ನೆರಳು ಹೇಗೆ ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಕೊನೆಗೆ ಫ್ಲೈಬ್ರಿಡ್ಜ್ (ಮೇಲಿನ ತೆರೆದ ಅಂತಸ್ತು) ಹಿಂದಕ್ಕೆ ಚಾಚಿರುವ 60 ಅಡಿಯ ಬೋಟನ್ನೇ ತೆಗೆದುಕೊಂಡೆವು. ಅರ್ಧ ನೆರಳು ಅದರಿಂದಲೇ ಸಿಕ್ಕಿತು. ಉಳಿದರ್ಧಕ್ಕೆ ಎರಡು ಕಾರ್ಬನ್ ಫೈಬರ್ ಕಂಬ ನೆಟ್ಟು ಮೆಶ್ (ಜಾಲರಿ) ಬಟ್ಟೆ ಬಿಗಿದೆವು. ಮಳೆ ತಡೆಯುವುದಿಲ್ಲ, ನಿಜ. ಆದರೆ ಗಾಳಿ ಹಾದುಹೋಗುತ್ತದೆ, ಬಟ್ಟೆ ಅಷ್ಟು ಪಟಪಟ ಬಡಿಯುವುದಿಲ್ಲ.

ಒಂದು ಮಾತು ಮರೆಯಬೇಡಿ. ಕಂಬ ಕೂರಿಸುವ ಸಾಕೆಟ್‌ಗಾಗಿ ಡೆಕ್ ಕೊರೆದಾಗ ಡ್ರಿಲ್ ತುದಿಯಲ್ಲಿ ಬಾಲ್ಸಾ ಮರದ ಪುಡಿ ಬಂತು, ಅಂದರೆ ಡೆಕ್‌ನ ಒಳಪದರ ಈ ಹಗುರ ಮರದ್ದು. ಅದಕ್ಕೆ ನೀರು ಇಳಿದರೆ ಒಳಗೊಳಗೇ ಕೊಳೆಯುತ್ತದೆ. ತೂತಿನ ಸುತ್ತ ಮರ ಕೆರೆದು, ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಕೊರೆದೆವು. ಎರಡು ದಿನ ಜಾಸ್ತಿ ಹಿಡಿಯಿತು, ಹಿಡಿಯಲಿ. ಬೋಟ್ ಓಡಿಸುವ ಮುಂಚೆ ಕಂಬ, ಬಟ್ಟೆ ಎಲ್ಲ ಬಿಚ್ಚಿಡುತ್ತೇವೆ. ನಿನ್ನೆ ಮಧ್ಯಾಹ್ನ ಬರಿಗಾಲಲ್ಲಿ ಡೆಕ್ ಮೇಲೆ ನಿಂತೆ, ಕಾಲು ಸುಡಲಿಲ್ಲ. ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.